‘ನಿನ್ನ ವಿಚಾರ ಹೇಳು’: ತೆರಕಣಾಂಬಿಯಿಂದ ಕಂಡ ಡಾಕ್ಟರಿಕೆ ಅರ್ಜಿಯ ಚರಿತ್ರೆ

ಗುಂಡ್ಲುಪೇಟೆಯಲ್ಲಿ ಇರುವುದು ಪುರಸಭೆ, ತೆರಕಣಾಂಬಿಯಲ್ಲಿ ಗ್ರಾಮ ಪಂಚಾಯಿತಿ. ನಡುವಿನ ದಾರಿ ಹನ್ನೆರಡು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ಕೂತವರಿಗೆ ಇದು ಕಾಣಿಸುವ ಗಡಿಯಲ್ಲ. ಎಂ.ಬಿ.ಬಿ.ಎಸ್. ಸೀಟಿಗೆ ಅರ್ಜಿ ಹಾಕುವ ಮಗುವಿಗೆ ಮಾತ್ರ ಇದು ದೊಡ್ಡ ಗಡಿ. ಒಂದನೇ ತರಗತಿಯಿಂದ ಹತ್ತನೆಯವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ ಕೇಳಬಹುದು. ರಾಜ್ಯದ ಪಾಲಿನ ಸೀಟುಗಳಲ್ಲಿ ಪ್ರತಿ ವರ್ಗದೊಳಗೂ ಅದಕ್ಕೆ ಶೇ 15 ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮವಾಗಿದ್ದರೆ ಇನ್ನೊಂದು ಶೇ 5. ನಮ್ಮ ಹೋಬಳಿಯ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದಷ್ಟು ಕಾಲ ಇಂಥ ವ್ಯಾಸಂಗ ಪ್ರಮಾಣಪತ್ರಗಳಿಗೆ ರುಜು ಹಾಕಿದವನು ನಾನು. ತರಗತಿ, ಶಾಲೆ, ಊರು, ವರ್ಷ ಬರೆದು, ಮೊಹರು ಒತ್ತಿ, ಗುಂಡ್ಲುಪೇಟೆಯ ಬಿ.ಇ.ಒ. ಕಚೇರಿಯ ಮೇಲುರುಜುವಿಗೆ ಕಳಿಸಬೇಕು. ಐದನೇ ತರಗತಿ ಒಂದನ್ನು ಸೋದರತ್ತೆಯ ಮನೆಯಲ್ಲಿದ್ದುಕೊಂಡು ಪೇಟೆಯಲ್ಲಿ ಓದಿದ್ದ ಹುಡುಗಿಯೊಬ್ಬಳು ಇದ್ದಳು. ಉಳಿದ ಒಂಬತ್ತು ವರ್ಷವೂ ನಮ್ಮ ಕಡೆಯೇ. ಆ ಒಂದು ವರ್ಷದಿಂದಾಗಿ ಅವಳ ಹೆಸರಿಗೆ ಪ್ರಮಾಣಪತ್ರ ಬರೆಯುವಂತಿರಲಿಲ್ಲ. ಆ ವರ್ಷ ಮನೆಯಲ್ಲಿ ಏನಾಗಿತ್ತು, ಯಾಕೆ ಅತ್ತೆಯ ಮನೆ ಸೇರಿದಳು ಎಂದು ಬರೆಯಲು ಆ ಕಾಗದದಲ್ಲಿ ಜಾಗವೇ ಇಲ್ಲ.

ನಮ್ಮಲ್ಲಿ ಡಾಕ್ಟರಾಗಲು ಹೊರಟವರ ಆತ್ಮಕಥೆ ಎಂದರೆ ಇಷ್ಟೇ: ಜಾತಿ, ಆದಾಯ, ಓದಿದ ಊರು. ಬರೆಯುವವರು ಬೇರೆಯವರು, ನಾಡಕಚೇರಿಯವರು ಒಂದಷ್ಟು, ಹೆಡ್‌ಮಾಸ್ಟರು ಒಂದಷ್ಟು. ಆದರೆ ‘ನಿನ್ನ ವಿಚಾರ ನೀನೇ ಹೇಳು’ ಎಂದು ಕೇಳಿದ ಕಾಲವೂ ಈ ರಾಜ್ಯದಲ್ಲಿ ಒಮ್ಮೆ ಇತ್ತು. ಅದು ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ.

ತೆರಕಣಾಂಬಿ ಹಳೆಯ ಊರು. ಇವತ್ತು ತರಕಾರಿ ಮಾರುಕಟ್ಟೆಗೆ ಹೆಸರಾಗಿದೆ. ಟೊಮೆಟೊ, ಎಲೆಕೋಸು, ಸಣ್ಣ ಈರುಳ್ಳಿ ಇಲ್ಲಿಂದ ಲಾರಿ ಹತ್ತಿ ಕೇರಳಕ್ಕೂ ತಮಿಳುನಾಡಿಗೂ ಹೋಗುತ್ತವೆ. ವಿಜಯನಗರದ ಕಾಲಕ್ಕೆ ಇದು ಒಂದು ಸೀಮೆಯ ಮುಖ್ಯ ಊರು. ಲಕ್ಷ್ಮೀವರದರಾಜಸ್ವಾಮಿ ಗುಡಿ, ಪಕ್ಕದ ತ್ರಿಯಂಬಕಪುರದ ಈಶ್ವರನ ಗುಡಿ ಆ ಕಾಲದ ನೆನಪು. ಈ ಸುತ್ತಿನ ಶಾಸನಗಳನ್ನು ಓದಿದವರಿಗೆ ಒಂದು ರೀತಿ ಗೊತ್ತಿರುತ್ತದೆ. ದಾನ ಕೊಟ್ಟವನು ತನ್ನ ಪರಿಚಯ ಮಾಡಿಕೊಳ್ಳುವುದು ತಾತನಿಂದ, ತಂದೆಯಿಂದ, ಗೋತ್ರದಿಂದ, ತಾನು ಯಾವ ಅರಸನ ಕೈಕೆಳಗಿದ್ದೇನೆ ಎಂಬುದರಿಂದ. ಆಮೇಲೆ ಕೊಟ್ಟ ಭೂಮಿ, ಅದರ ಎಲ್ಲೆ, ಕೊನೆಗೆ ಸಾಕ್ಷಿಗಳು. ‘ನಾನು’ ಎಂದು ಶುರುಮಾಡುವ ರೂಢಿ ನಮ್ಮ ಕಡೆಯವರಿಗೆ ಕಲ್ಲಿನ ಕಾಲದಿಂದಲೂ ಕಡಿಮೆ. ಮುಂದೆ ಹೇಳುವ ಸಂಗತಿಗೆ ಇದು ಬೇಕಾಗುತ್ತದೆ.

ಮೈಸೂರು ಸಂಸ್ಥಾನದ ಹುಡುಗ ಡಾಕ್ಟರಾಗಬೇಕೆಂದರೆ ಬಹುಕಾಲ ಮದರಾಸಿಗೋ ಬೊಂಬಾಯಿಗೋ ಹೋಗಬೇಕಿತ್ತು. 1924ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಂಗಳೂರಿನಲ್ಲಿ ಮೆಡಿಕಲ್ ಕಾಲೇಜು ಶುರುವಾಗಿ, 1930ರಲ್ಲಿ ಮೈಸೂರಿಗೆ ಬಂತು. ಅದಾಗಿ ಮೂವತ್ತು ವರ್ಷದೊಳಗೆ ಮಣಿಪಾಲ (1953), ಬೆಂಗಳೂರು (1955), ಹುಬ್ಬಳ್ಳಿ (1957) ಕಾಲೇಜುಗಳು ಬಂದವು. ಸೀಟು ಎಷ್ಟು ಹೆಚ್ಚಿದರೂ ಕೇಳುವವರು ಅದಕ್ಕಿಂತ ಹೆಚ್ಚಿದರು. ಯಾರಿಗೆ ಕೊಡಬೇಕು ಎಂಬ ಜಗಳ ನಮ್ಮ ರಾಜ್ಯದಿಂದಲೇ ದೇಶದ ದೊಡ್ಡ ಕೋರ್ಟಿಗೆ ಹೋಯಿತು. ನಾಗನಗೌಡ ಸಮಿತಿ 1961ರಲ್ಲಿ ವರದಿ ಕೊಟ್ಟ ಮೇಲೆ 1962ರ ಜುಲೈನಲ್ಲಿ ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟಿತು. ಅದೇ ಸೆಪ್ಟೆಂಬರಿನಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತು. ಅರ್ಧಕ್ಕಿಂತ ಮೀಸಲು ಹೆಚ್ಚಬಾರದು ಎಂಬ ಮಾತು ಹುಟ್ಟಿದ್ದು ಆಗಲೇ.

1963ರ ಜುಲೈನಲ್ಲಿ ಸರ್ಕಾರ ಹೊಸ ದಾರಿ ಹಿಡಿಯಿತು. ಹಿಂದುಳಿದವರು ಯಾರು ಎಂಬುದಕ್ಕೆ ಜಾತಿಯನ್ನು ಬಿಟ್ಟು ಎರಡು ಅಳತೆ ಇಟ್ಟಿತು: ಮನೆಯ ವರಮಾನ ವರ್ಷಕ್ಕೆ 1,200 ರೂಪಾಯಿಯೊಳಗೆ ಇರಬೇಕು, ಕಸುಬು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕೈಕಸುಬು ಅಥವಾ ಮೈಮುರಿದು ದುಡಿಯುವ ಬೇರೆ ಯಾವುದಾದರೂ ಕೆಲಸವಾಗಿರಬೇಕು. ಅದೇ ತಿಂಗಳ ಇನ್ನೊಂದು ನಿರ್ಧಾರದಂತೆ ಸಂದರ್ಶನ ಬಂತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಕಾಲುಭಾಗ ಸಂದರ್ಶನಕ್ಕೆ. ಏನನ್ನು ನೋಡಬೇಕೆಂದೂ ಬರೆದಿತ್ತು: ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ಓದು, ಎನ್.ಸಿ.ಸಿ.-ಎ.ಸಿ.ಸಿ., ಪಠ್ಯೇತರ ಚಟುವಟಿಕೆ. ಕೊನೆಯದರಲ್ಲಿ ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಎಲ್ಲವೂ ಸೇರಿದ್ದವು.

ನಮ್ಮ ದೊಡ್ಡಪ್ಪನ ಮಗ, ನನ್ನ ಅಣ್ಣ, ಅಂಥ ಸಂದರ್ಶನಕ್ಕೆ ಹೋದವನು. ನಮ್ಮ ಮನೆತನದಲ್ಲಿ ವಿಜ್ಞಾನ ಓದಲು ಮೈಸೂರಿಗೆ ಹೋದ ಮೊದಲಿಗ. ನಾನಾಗ ಸಣ್ಣ ಹುಡುಗ. ಅವನು ಹೊರಟ ದಿನ ದೊಡ್ಡವ್ವ ಹಣೆಗೆ ವಿಭೂತಿ ಇಟ್ಟದ್ದು ನೆನಪಿದೆ. ಒಳಗೆ ನಡೆದದ್ದನ್ನು ಅವನು ಮುಂದೆ ಎಷ್ಟೋ ಸಲ ನನಗೆ ಹೇಳಿದ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರಂತೆ. ‘ಬ್ಯಾಸಾಯ ಸಾರ್’ ಅಂದ. ಪಾಠ ಬಿಟ್ಟು ಬೇರೆ ಏನು ಚಟುವಟಿಕೆ ಮಾಡಿದ್ದೀಯ ಎಂದು ಕೇಳಿದರಂತೆ. ‘ಏನೂ ಇಲ್ಲ ಸಾರ್’ ಅಂದ. ಇನ್ನೊಂದೆರಡು ಮಾತಿನಲ್ಲಿ ಮುಗಿಯಿತು. ಸೀಟು ಸಿಗಲಿಲ್ಲ.

ಆ ‘ಏನೂ ಇಲ್ಲ’ ಎಂಬ ಉತ್ತರದ ಬಗ್ಗೆ ನಾನು ಬದುಕಿನುದ್ದಕ್ಕೂ ಯೋಚಿಸಿದ್ದೇನೆ. ಅದು ಸುಳ್ಳು. ಊರಿನ ಕುರುಕ್ಷೇತ್ರ ನಾಟಕದಲ್ಲಿ ಅವನು ಎರಡು ಸುಗ್ಗಿ ಅಭಿಮನ್ಯುವಾಗಿ ರಂಗಗೀತೆ ಹಾಡಿದ್ದ. ಓದುಬರಹ ಬಾರದ ಬೀದಿಯವರಿಗೆಲ್ಲ ಕಾಗದ ಬರೆದುಕೊಡುತ್ತಿದ್ದವನು, ಬಂದ ಕಾಗದ ಓದಿ ಹೇಳುತ್ತಿದ್ದವನು ಅವನೇ. ಒಂದು ಮಳೆಗಾಲದ ರಾತ್ರಿ ಹಾವು ಕಚ್ಚಿದ ನೆರೆಮನೆಯವನನ್ನು ಗಾಡಿ ಕಟ್ಟಿಕೊಂಡು ಗುಂಡ್ಲುಪೇಟೆಯ ಆಸ್ಪತ್ರೆಗೆ ಹೊಡೆದುಕೊಂಡು ಹೋಗಿದ್ದ. ದಾರಿಯುದ್ದಕ್ಕೂ ಆ ಮನುಷ್ಯನನ್ನು ನಿದ್ದೆಹೋಗಲು ಬಿಡದೆ ಮಾತಾಡಿಸುತ್ತಾ ಹೋಗಿದ್ದ. ನಾಟಕ, ಸಮಾಜಸೇವೆ ಎಂದು ಸರ್ಕಾರದ ಪಟ್ಟಿಯಲ್ಲಿ ಇದ್ದದ್ದು ಇವೇ. ಆದರೆ ಅವನ ಮನಸ್ಸಿನಲ್ಲಿ ನಾಟಕ ಎಂದರೆ ಮಹಾರಾಜ ಕಾಲೇಜಿನ ರಂಗದ ಮೇಲೆ ಸೂಟು ಹಾಕಿಕೊಂಡು ಆಡುವುದು. ಸಮಾಜಸೇವೆ ಎಂದರೆ ಬ್ಯಾಡ್ಜು ಹಾಕಿಕೊಂಡು ಮಾಡುವುದು. ಬದುಕಿನ ಭಾಗವಾಗಿ ಮಾಡಿದ ಯಾವುದೂ ಅರ್ಜಿಯಲ್ಲಿ ಹೇಳುವಂಥದ್ದು ಎಂದು ಅವನಿಗೆ ಹೊಳೆಯಲಿಲ್ಲ. ಪ್ರಶ್ನೆ ಅವನಿಗೆ ಕೇಳಿಸಿತ್ತು. ಅದರ ಅರ್ಥ ಹೇಳಿಕೊಡುವವರು ಹೋಬಳಿಯಲ್ಲೇ ಇರಲಿಲ್ಲ. ಮುಂದೆ ಅವನು ಒಳ್ಳೆಯ ವಿಜ್ಞಾನ ಮೇಷ್ಟ್ರಾದ, ಅನೇಕ ಮಕ್ಕಳನ್ನು ಡಾಕ್ಟರು ಮಾಡಿದ.

1963ರ ಆ ಸಂದರ್ಶನಗಳೇ ಕೋರ್ಟು ಹತ್ತಿದವು. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ಎಂದು ಕಾನೂನು ಓದುವವರೆಲ್ಲ ಓದುವ ಮೊಕದ್ದಮೆ. ಅಂಕದ ಮೇಲೆ ಸೀಟು ಸಿಗಬೇಕಿದ್ದವರು ಸಂದರ್ಶನದಿಂದ ಹಿಂದೆ ಬಿದ್ದೆವು ಎಂದು ದೂರಿದ್ದರು. ಸಂದರ್ಶನದ ಅಧಿಕಾರ ದುರುಪಯೋಗವಾಗಿದೆ ಎಂದು ಹೈಕೋರ್ಟು ಕಂಡು, ನಡೆದ ಸಂದರ್ಶನಗಳನ್ನು ರದ್ದುಮಾಡಿ, ಹೊಸದಾಗಿ ಮಾಡಿ ಎಂದಿತು. 1964ರ ಜನವರಿ 29ರಂದು ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಬಂತು, ಬರೆದವರು ನ್ಯಾಯಮೂರ್ತಿ ಸುಬ್ಬರಾವ್. ಸಂದರ್ಶನ ಎಂಬ ಪದ್ಧತಿಯೇ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಅದನ್ನು ಉಳಿಸಿದರು. ಆ ತೀರ್ಪಿನಲ್ಲಿ ಪದ್ಧತಿ ಗೆದ್ದಿತು, ಆದರೆ ಜನರ ನಂಬಿಕೆ ಹೋಗಿತ್ತು. ಮುಂದೆ 1980ರಲ್ಲಿ ಕಾಶ್ಮೀರದ ಎಂಜಿನಿಯರಿಂಗ್ ಕಾಲೇಜೊಂದರ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ ಹೊರಬಂದ ಸಂಗತಿ ನೋಡಿ: ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ, ಕೇಳಿದ್ದು ಅಪ್ಪ ಯಾರು, ಊರು ಯಾವುದು. ಮೂರನೇ ಒಂದು ಭಾಗ ಅಂಕ ಇದಕ್ಕೆ. ಶೇ 15ಕ್ಕಿಂತ ಹೆಚ್ಚಿನ ಅಂಕವನ್ನು ಮೌಖಿಕಕ್ಕೆ ಇಡಕೂಡದು ಎಂದು ಕೋರ್ಟು ಹೇಳಬೇಕಾಯಿತು. ನಮ್ಮ ಅಣ್ಣನಿಗೆ ಕೇಳಿದ್ದೂ ಅಪ್ಪನ ವಿಚಾರವೇ.

ಇದು ನಮ್ಮ ದೇಶದ ರೋಗ ಮಾತ್ರ ಎಂದುಕೊಳ್ಳಬಾರದು. ಅಮೆರಿಕದ ಹಾರ್ವರ್ಡ್ ಕಾಲೇಜು 1922ರಲ್ಲಿ ಅರ್ಜಿಯಲ್ಲಿ ಹೊಸ ಪ್ರಶ್ನೆಗಳನ್ನು ಸೇರಿಸಿತು: ತಾಯಿಯ ತವರಿನ ಹೆಸರೇನು, ಹುಟ್ಟಿದ ಮೇಲೆ ನಿನ್ನ ಅಥವಾ ತಂದೆಯ ಹೆಸರು ಬದಲಾಗಿದೆಯೇ. ಯೆಹೂದಿ ಹುಡುಗರನ್ನು ಗುರುತಿಸಿ ಕಡಿಮೆ ಮಾಡುವುದು ಅದರ ಉದ್ದೇಶ. ನಡತೆ, ವ್ಯಕ್ತಿತ್ವ ಎಂಬ ಮಾತುಗಳು ಆ ದೇಶದ ಅರ್ಜಿಗಳಲ್ಲಿ ಬಲವಾದದ್ದು ಆ ಕಾಲದಲ್ಲೇ. ‘ನಿನ್ನ ವಿಚಾರ ಹೇಳು’ ಎಂಬ ಪ್ರಶ್ನೆಯ ಹಿಂದೆ ಕೇಳುವವನ ಉದ್ದೇಶ ಏನು ಎಂಬುದನ್ನು ಚರಿತ್ರೆ ಗೊತ್ತಿದ್ದವರು ಯಾವತ್ತೂ ವಿಚಾರಿಸಬೇಕು.

1980ರ ದಶಕದಲ್ಲಿ ಕ್ಯಾಪಿಟೇಶನ್ ಕಾಲೇಜುಗಳ ಕಾಲ ಬಂತು. ವಿಚಾರ ಹೇಳುವ ಬದಲು ದುಡ್ಡು ಮಾತಾಡಿತು. 1984ರಲ್ಲಿ ಅದನ್ನು ತಡೆಯುವ ಕಾಯ್ದೆ ಬಂದರೂ ನಿಲ್ಲಲಿಲ್ಲ; ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನ ಶುಲ್ಕದ ಮೇಲೆ ಮೀರತ್‌ನ ಮೋಹಿನಿ ಜೈನ್ ಹೂಡಿದ ಮೊಕದ್ದಮೆ 1992ರಲ್ಲಿ ದೇಶದ ಗಮನ ಸೆಳೆಯಿತು. ಮರುವರ್ಷ ಅದೇ ಶುಲ್ಕದ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು ಬಂತು. ಅದರ ಬೆನ್ನಿಗೇ 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಶುರುವಾಯಿತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ರ‍್ಯಾಂಕ್ ಪಟ್ಟಿ, ಎಲ್ಲರೆದುರು ಕೌನ್ಸೆಲಿಂಗ್. ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ, ಇಂಗ್ಲಿಷಿನಲ್ಲಿ ತಡವರಿಸಬೇಕಿಲ್ಲ. ನಮ್ಮ ಹೋಬಳಿಯ ಮಕ್ಕಳು ಶಿಫಾರಸು ಇಲ್ಲದೆ ಮೆಡಿಕಲ್ ಸೇರಿದ್ದನ್ನು ನಾನು ಕಣ್ಣಾರೆ ಕಂಡೆ. ಸಿ.ಇ.ಟಿ. ಬಡವರಿಗೆ ಮಾಡಿದ ಉಪಕಾರ ದೊಡ್ಡದು, ಅದನ್ನು ಸಣ್ಣದು ಮಾಡುವ ಮಾತನ್ನು ನಾನು ಒಪ್ಪುವುದಿಲ್ಲ. ಈಗ ಅದರ ಜಾಗದಲ್ಲಿ ನೀಟ್ ಇದೆ. 720 ಅಂಕ, ಕನ್ನಡದಲ್ಲೂ ಬರೆಯಬಹುದು. 2016ರಿಂದ ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ನಮ್ಮೂರಿಂದ ಇಪ್ಪತ್ತೈದು ಕಿಲೋಮೀಟರು. ಅಣ್ಣ ಇದ್ದಿದ್ದರೆ ಆ ಕಟ್ಟಡ ನೋಡಲೆಂದೇ ಒಂದು ದಿನ ಹೋಗುತ್ತಿದ್ದ.

ಇಷ್ಟು ದೂರ ಬಂದ ಮೇಲೆ ಆ ಹಳೇ ಪ್ರಶ್ನೆ ನಮ್ಮ ಮನೆಗೆ ಕೆನಡಾದಿಂದ ಬಂತು. ನನ್ನ ತಂಗಿ ಮಗನ ಜೊತೆ ಟೊರಾಂಟೊ ಹತ್ತಿರ ಇದ್ದಾಳೆ. ಅವಳ ಮೊಮ್ಮಗಳು ಮೆಡಿಕಲ್ ಓದಬೇಕೆಂದು ಹೊರಟಳು. ಅಲ್ಲಿ ಒಂಟಾರಿಯೊ ಪ್ರಾಂತದ ವೈದ್ಯಕೀಯ ಶಾಲೆಗಳಿಗೆಲ್ಲ ಒಂದೇ ಅರ್ಜಿ ಸೇವೆ, ಅದರಲ್ಲಿ ‘ಆತ್ಮಚರಿತ್ರೆಯ ಟಿಪ್ಪಣಿ’ ಎಂಬ ಭಾಗವೇ ಇದೆ. ಹದಿನಾರನೇ ವಯಸ್ಸಿನಿಂದೀಚೆಗೆ ಮಾಡಿದ್ದನ್ನೆಲ್ಲ, ಹೆಚ್ಚೆಂದರೆ 32 ಬಾಬ್ತಿನಲ್ಲಿ, ಒಂದೊಂದಕ್ಕೂ 150 ಅಕ್ಷರದೊಳಗೆ ಬರೆಯಬೇಕು. ಪ್ರತಿ ಬಾಬ್ತಿಗೂ ‘ಹೌದು, ಇವಳು ಇದನ್ನು ಮಾಡಿದ್ದಾಳೆ’ ಎನ್ನಬಲ್ಲ ಒಬ್ಬರ ಹೆಸರು ಕೊಡಬೇಕು. ನಮ್ಮ ಶಾಸನದ ಸಾಕ್ಷಿ, ನಮ್ಮ ಹೆಡ್‌ಮಾಸ್ಟರ ರುಜು, ಎರಡೂ ಅಲ್ಲಿ ಇವೆ. ಕೆಲವು ವಿಶ್ವವಿದ್ಯಾಲಯಗಳು ಇದರ ಮೇಲೆ ಕಿರುಪ್ರಬಂಧಗಳನ್ನೂ ಕೇಳುತ್ತವೆ. ಅಮೆರಿಕದ ಅರ್ಜಿಯಲ್ಲಾದರೆ ಯಾಕೆ ವೈದ್ಯಕೀಯ ಎಂಬುದಕ್ಕೆ 5,300 ಅಕ್ಷರದ ಜಾಗ, ಚಟುವಟಿಕೆಗಳಿಗೆ ಹದಿನೈದು ಬಾಬ್ತು. ಮಗು ಕಳಿಸಿದ ಪಟ್ಟಿ ನೋಡಿ ನನಗೆ ಮೈ ಜುಮ್ಮೆಂದಿತು: ಆಟ, ಸೇವೆ, ಕಲೆ, ಪ್ರಶಸ್ತಿ. 1963ರ ನಮ್ಮ ಸರ್ಕಾರದ ಪಟ್ಟಿಗೂ ಇದಕ್ಕೂ ಹೆಚ್ಚು ಅಂತರವೇ ಇಲ್ಲ.

ಪ್ರಬಂಧದ ಪ್ರಶ್ನೆ ಹೀಗಿತ್ತು: ನೀನು ಎದುರಿಸಿದ ಒಂದು ಕಷ್ಟದ ಸಂದರ್ಭ ಹೇಳು, ಏನು ಮಾಡಿದೆ, ಅದರಿಂದ ಏನು ತಿಳಿದೆ. ಅವಳು ಬರೆದದ್ದನ್ನು ವಾಟ್ಸಾಪಿನಲ್ಲಿ ಓದಿ ಹೇಳಿದಳು. ನನ್ನ ಅಜ್ಜಿಯ ಊರು ಭಾರತದ ಒಂದು ಬಡ ಹಳ್ಳಿ, ಅಲ್ಲಿ ಡಾಕ್ಟರಿಲ್ಲ, ರಜದಲ್ಲಿ ಅಲ್ಲಿನ ಜನರ ನೋವು ನೋಡಿ ನಾನು ವೈದ್ಯೆಯಾಗಲು ತೀರ್ಮಾನಿಸಿದೆ, ಹೀಗೆ. ನನಗೆ ಬೇಜಾರಾಯಿತು. ‘ಸುಳ್ಳ ಬರೀಬ್ಯಾಡ ಕನ ಮಗ. ನಮ್ಮೂರಲ್ಲಿ ಸರ್ಕಾರಿ ಆಸ್ಪತ್ರೆ ಅದ, ಡಾಕ್ಟ್ರು ಅವ್ರ. ನೀನು ಬಂದಿದ್ದಾಗ ಜಾತ್ರೆ ನೋಡ್ದ, ಎಳನೀರು ಕುಡ್ದ. ಯಾರ ನೋವು ನೋಡ್ದ?’ ಎಂದೆ. ‘ತಾತ, ಎಲ್ಲರೂ ಇಂಥದ್ದೇ ಬರೀತಾರೆ’ ಎಂದಳು. ಇರಬಹುದು. ಆದರೆ ಪ್ರಶ್ನೆಯನ್ನು ಸರಿಯಾಗಿ ಓದಿದರೆ ಅದು ಕೇಳುವುದು ಊರಿನ ಬಡತನವನ್ನಲ್ಲ. ಕಷ್ಟ ಎಂಬುದು ಪ್ರಶ್ನೆಯ ಬಾಗಿಲು ಮಾತ್ರ. ‘ಏನು ಮಾಡಿದೆ’ ಎಂಬುದೇ ಅದರ ಮನೆ. ಬೇರೆಯವರ ಕಷ್ಟವನ್ನು ದೂರದಿಂದ ನೋಡಿ ಕಣ್ಣೀರು ಹಾಕಿದೆ ಎಂದರೆ ಅಲ್ಲಿ ಮಾಡಿದ್ದೇನೂ ಇಲ್ಲ.

ಹಾಗೇ ಮಾತಾಡುತ್ತಾ ಅಜ್ಜಿಯ ಸಕ್ಕರೆ ಕಾಯಿಲೆ ವಿಚಾರ ಬಂತು. ತಂಗಿಗೆ ಇಂಗ್ಲಿಷು ಬಾರದು. ಡಾಕ್ಟರ ಬಳಿ ಹೋದಾಗಲೆಲ್ಲ ಈ ಹುಡುಗಿಯೇ ನಡುವೆ ಕೂತು ಮಾತು ದಾಟಿಸುವವಳು. ಬೆರಳಿಗೆ ಚುಚ್ಚಿ ನೋಡಿದ ಸಕ್ಕರೆಯ ಲೆಕ್ಕವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಕೆಲವು ತಿಂಗಳ ಲೆಕ್ಕ ಒಟ್ಟಿಗೆ ನೋಡಿದಾಗ ಶನಿವಾರ ಮಧ್ಯಾಹ್ನ ಮಾತ್ರ ಸಕ್ಕರೆ ಕುಸಿಯುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು. ಅಜ್ಜಿಗೆ ಬೆವರು, ಕೈನಡುಕ. ವಿಚಾರಿಸಿದರೆ ಅಜ್ಜಿ ಶನಿವಾರ ಒಪ್ಪತ್ತು! ನಮ್ಮ ಮನೆದೇವರು ಹುಲಗಿನಮುರಡಿ ವೆಂಕಟರಮಣ; ತಂಗಿ ಮದುವೆಗೆ ಮುಂಚಿನಿಂದ ಹಿಡಿದ ವ್ರತ, ಸಮುದ್ರ ದಾಟಿದರೂ ಬಿಟ್ಟಿಲ್ಲ. ಬೈಯುತ್ತಾರೆ ಎಂದು ಡಾಕ್ಟರಿಗೆ ಹೇಳಿರಲಿಲ್ಲ. ಬೆಳಗ್ಗಿನ ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದಳು. ಹುಡುಗಿ ಅಜ್ಜಿಯ ವ್ರತ ಬಿಡಿಸಲು ಹೋಗಲಿಲ್ಲ. ಅಜ್ಜಿಯನ್ನು ಒಪ್ಪಿಸಿ, ನೋಟುಬುಕ್ಕು ತೆಗೆದುಕೊಂಡು ಹೋಗಿ ಡಾಕ್ಟರ ಮುಂದಿಟ್ಟಳು. ಅವರು ಶನಿವಾರದ ಮಾತ್ರೆಯನ್ನು ಊಟದ ಹೊತ್ತಿಗೆ ಹೊಂದಿಸಿಕೊಟ್ಟರು. ಕುಸಿತ ನಿಂತಿತು.

ಇದನ್ನು ಬರೆದೆಯಾ ಎಂದರೆ, ‘ಇದೇನು ತಾತ, ಮನೇಲಿ ಮಾಡಿದ್ದು’ ಎಂದಳು. ಅಣ್ಣ ‘ಏನೂ ಇಲ್ಲ ಸಾರ್’ ಎಂದದ್ದು ಇದೇ ಕಾರಣಕ್ಕೆ. ಅರವತ್ತು ವರ್ಷ, ಎರಡು ಖಂಡ, ಒಂದೇ ಉತ್ತರ. ನಮ್ಮ ಮಕ್ಕಳಿಗೆ ಮನೆಯಲ್ಲಿ, ಬೀದಿಯಲ್ಲಿ ಮಾಡಿದ ಕೆಲಸ ಕೆಲಸವೆಂದೇ ಕಾಣುವುದಿಲ್ಲ. ತನ್ನ ವಿಚಾರ ಎತ್ತಿದರೆ ಬಡಾಯಿಯಾಗುತ್ತದೆ ಎಂಬ ಸಂಕೋಚ ಒಂದು ಕಡೆ. ಪರೀಕ್ಷಕರಿಗೆ ಬೇಕಾದ್ದು ಬೇರೇನೋ ದೊಡ್ಡದು ಎಂಬ ಭ್ರಮೆ ಇನ್ನೊಂದು ಕಡೆ. ಈ ಎರಡರ ನಡುವೆ ನಿಜ ಬಿದ್ದುಹೋಗುತ್ತದೆ, ಸುಳ್ಳು ಎದ್ದು ನಿಲ್ಲುತ್ತದೆ. ಅವಳು ಕೊನೆಗೆ ಶನಿವಾರದ ಸಂಗತಿಯನ್ನೇ ಬರೆದಳು. ಸಾಕ್ಷಿಗೆ ಯಾರ ಹೆಸರು ಕೊಡಲಿ ಎಂದಾಗ ಅಜ್ಜಿಯನ್ನು ನೋಡುತ್ತಿದ್ದ ಡಾಕ್ಟರನ್ನೇ ಕೇಳು ಎಂದೆ.

ಒಳ್ಳೆಯ ಪ್ರಬಂಧ ಬರೆದವರು ಒಳ್ಳೆಯ ಡಾಕ್ಟರಾಗುತ್ತಾರೆ ಎಂದು ನಾನು ಹೇಳಲಾರೆ. ನಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್, 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಗೆಳೆಯರನ್ನು ಕೂಡಿಸಿ ಮುಂದೆ ಹೆಗ್ಗಡದೇವನಕೋಟೆಯ ಕಾಡಂಚಿಗೆ ಸೇವೆ ಒಯ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ, ಇಂಥವರನ್ನು ತಯಾರು ಮಾಡಿದ್ದು ಯಾವ ಅರ್ಜಿಯ ಪ್ರಬಂಧವೂ ಅಲ್ಲ. ಹಳ್ಳಿಯಲ್ಲಿ ಸೇವೆ ಮಾಡುತ್ತೇನೆ ಎಂದು ಹೊರದೇಶದ ಹುಡುಗರು ಪ್ರಬಂಧದಲ್ಲಿ ಬರೆಯುತ್ತಾರೆ. ನಮ್ಮಲ್ಲಿ 2012ರ ಕಡ್ಡಾಯ ಸೇವೆಯ ಕಾಯ್ದೆಯೇ ಒಂದು ವರ್ಷ ಮಾಡು ಎಂದಿತು. ಯಾಕೆ ಮಾಡಬೇಕು ಎಂದು ಹಾಗೆ ಸೇವೆಗೆ ಹೊರಟ ಹುಡುಗನನ್ನು ಯಾರೂ ಒಮ್ಮೆಯೂ ಕೂರಿಸಿಕೊಂಡು ಕೇಳಿರಲಿಲ್ಲ.

ಸೀಟು ಹಂಚುವಾಗ ಸಂದರ್ಶನವೂ ಬೇಡ, ಪ್ರಬಂಧವೂ ಬೇಡ ಎಂಬುದೇ ನನ್ನ ತೀರ್ಮಾನ. ಅದರ ಅಂಕ ಉಳ್ಳವರ ಮನೆ ಸೇರುತ್ತದೆ. 1963ರ ಪಾಠ ಅದು. ಆದರೆ ಸೀಟು ಸಿಕ್ಕಿ ಕಾಲೇಜು ಸೇರಿದ ಮೊದಲ ವಾರದಲ್ಲಿ, ಅಂಕದ ಭಯವಿಲ್ಲದೆ, ಪ್ರತಿ ಹುಡುಗ ಹುಡುಗಿಯಿಂದ ಒಂದು ಪುಟ ಬರೆಸಿ, ಕನ್ನಡದಲ್ಲೇ ಬರೆಯಲು ಬಿಟ್ಟು, ಇಟ್ಟುಕೊಳ್ಳಲಿ. ಓದು ಮುಗಿದು ಕಾಲೇಜಿನಿಂದ ಹೊರಡುವ ದಿನ ಅದನ್ನು ಅವರ ಕೈಗೇ ಕೊಡಲಿ. ನಮ್ಮ ವೈದ್ಯಕೀಯ ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇದು. ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಇನ್ನೊಂದು ವಿನಂತಿ: ಹತ್ತನೇ ತರಗತಿ ಬಿಡುವ ಮೊದಲು ಮಕ್ಕಳಿಂದ ಒಮ್ಮೆ ಬರೆಸಿ, ಈ ವರ್ಷ ಯಾರಿಗೆ ಏನು ಮಾಡಿಕೊಟ್ಟೆ ಎಂದು. ‘ಏನೂ ಇಲ್ಲ’ ಎಂದು ಬರೆದ ಮಗುವನ್ನು ಪಕ್ಕಕ್ಕೆ ಕರೆದು ಇನ್ನೊಮ್ಮೆ ಕೇಳಿ.